ಎಮ್ಮೆಯ ಮಾಂಸವೂ ಹೊರದೇಶದ ಪೇಟೆಯೂ

ಎಮ್ಮೆಯ ಮಾಂಸಕ್ಕೆ ಹೊರದೇಶಗಳಲ್ಲಿ ಪೇಟೆಯನ್ನು ದೊರಕಿಸಲು ಕೇಂದ್ರ ಸರಕಾರದವರು ಬಹು ವರ್ಷಗಳಿಂದ ಯತ್ನಿಸುತ್ತಿರುವರು. ಗೋವು, ಎತ್ತು, ಕರುಗಳ ಮಾಂಸವನ್ನು ಹೊರಕ್ಕೆ ಕಳುಹಿಸುವುದು ನಿಷಿದ್ಧ. ಆದಕಾರಣ ಇಲ್ಲಿ ಪ್ರಸ್ತುತವಾದುದು ಎಮ್ಮೆ ಕೋಣಗಳ ವಿಚಾರ ಮಾತ್ರವೆಂಬುದನ್ನು ವಾಚಕರು ಗಮನಿಸಬೇಕು. 2023-24ರಲ್ಲಿ ಸುಮಾರು 13 ಲಕ್ಷ ಟನ್ ಮಾಂಸವು ಹಡಗೇರಿತು. ಬಂದ ಹಣ ಸುಮಾರು 31 ಸಾವಿರ ಕೋಟಿ ರೂಪಾಯಿ. 2014ರ ಚುನಾವಣೆಯಲ್ಲಿ ಈ ವ್ಯಾಪಾರವನ್ನು ‘ಗುಲಾಬಿ ಕ್ರಾಂತಿ’ಯೆಂದು ಹಳಿದವರೇ ಅಧಿಕಾರಕ್ಕೆ ಬಂದ ಮೇಲೆ ಅದಕ್ಕೆ ಗಿರಾಕಿಗಳನ್ನು ಅರಸಬೇಕಾದುದು ಕಾಲಮಹಿಮೆ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ವೇದಿಕೆಯ ಮಾತಿಗೂ ಬೊಕ್ಕಸದ ಲೆಕ್ಕಕ್ಕೂ ಎಂದು ತಾನೆ ತಾಳೆಯಾಗಿತ್ತು?

ಆದರೆ ಪೇಟೆಯನ್ನು ತೆರೆಯುವುದೆಂದರೇನು? 2013ರ ಮೇ ತಿಂಗಳಲ್ಲಿ ಚೀನದ ಪ್ರಧಾನಿ ಲೀ ಕೆಚಿಯಾಂಗರು ದಿಲ್ಲಿಗೆ ಬಂದಾಗ ಈ ಮಾಂಸದ ವಿಷಯವಾಗಿಯೂ ಒಡಂಬಡಿಕೆಗೆ ಸಹಿಗಳಾದವು. ವರ್ಷಗಳು ಉರುಳಿದರೂ ನೇರ ವ್ಯಾಪಾರ ಕುದುರಲಿಲ್ಲ. ನಮ್ಮ ಮಾಂಸವು ವಿಯೆಟ್ನಾಮಿಗೆ ಹೋಗಿ, ಅಲ್ಲಿಂದ ಗಡಿ ದಾಟಿ ಚೀನದ ಅಡುಗೆಮನೆಯನ್ನು ಸೇರುತ್ತಿದ್ದುದು ವರ್ತಕರೆಲ್ಲರೂ ಬಲ್ಲ ಗುಟ್ಟು. ನಡುವಣ ಲಾಭ ಪರರ ಪಾಲು. 2016ರಲ್ಲಿ ಇಂಡೋನೇಷ್ಯಾ ತನ್ನ ನಿಯಮಗಳನ್ನು ಸಡಿಲಿಸಿ ನಮ್ಮ ಮಾಂಸವನ್ನು ತರಿಸಿಕೊಂಡಿತು, ನಿಜ. ಅದು ಆಸ್ಟ್ರೇಲಿಯದ ಗೋಮಾಂಸಕ್ಕಿಂತ ಅಗ್ಗವೆಂಬ ಕಾರಣಕ್ಕೆ.

ಈ ಅಗ್ಗತನದ ಮೂಲವಾದರೂ ಯಾವುದು? ಕಾಲುಬಾಯಿ ಜ್ವರ. ಈ ರೋಗವು ನೆಲೆಸಿರುವ ನಾಡಿನ ಮಾಂಸವನ್ನು ಒಳ್ಳೆಯ ಬೆಲೆ ಕೊಡಬಲ್ಲ ದೇಶಗಳು ಮುಟ್ಟವು. ರೋಗಾಣುವು ಮೂಳೆಯ ಮಜ್ಜೆಯಲ್ಲಿಯೂ ಗ್ರಂಥಿಗಳಲ್ಲಿಯೂ ಅಡಗುವುದರಿಂದ ಅವನ್ನು ತೆಗೆದು, ಮಾಂಸವನ್ನು ಹದಗೊಳಿಸಿ ಕಳುಹಿಸುತ್ತಾರೆ. ಅಷ್ಟರಿಂದ ಕೆಲವರು ಸಮಾಧಾನಗೊಳ್ಳುವರು, ಎಲ್ಲರೂ ಅಲ್ಲ. ಹೀಗಿರಲು, ನಮ್ಮ ಮಾಂಸಕ್ಕೆ ಪರದೇಶದ ಬಾಗಿಲು ತೆರೆಯಬೇಕಾದುದು ಹಳ್ಳಿಯ ಕೊಟ್ಟಿಗೆಯಲ್ಲಿ, ಲಸಿಕೆಯ ಸೂಜಿಯಿಂದ. 2019ರ ಸೆಪ್ಟೆಂಬರಿನಲ್ಲಿ ಮಥುರೆಯಲ್ಲಿ ಆರಂಭವಾದ 13,343 ಕೋಟಿ ರೂಪಾಯಿಗಳ ಯೋಜನೆಯು 2030ರೊಳಗೆ ಈ ರೋಗವನ್ನು ನಿರ್ಮೂಲಗೊಳಿಸುವ ಪಣ ತೊಟ್ಟಿದೆ. ರೋಗ ತೊಲಗಿದರೆ ಮೊದಲ ಲಾಭ ಹಾಲು ಕರೆಯುವ ಬಡವಳಿಗೆ, ಬಳಿಕ ವರ್ತಕನಿಗೆ. ಮಾಂಸವೆಂದರೆ ಮುಖ ತಿರುಗಿಸುವವರೂ ಇದನ್ನು ಒಪ್ಪದಿರಲಾರರು.

ಒಳನಾಡಿನ ನೀತಿಯಾದರೋ ಬೇರೆಯ ದಾರಿ ಹಿಡಿದಿದೆ. 2017ರ ಮೇ ತಿಂಗಳಲ್ಲಿ ಕೇಂದ್ರದ ಪರಿಸರ ಮಂತ್ರಾಲಯದವರು, ಜಾನುವಾರು ಸಂತೆಗಳಲ್ಲಿ ವಧೆಗಾಗಿ ಪಶುಗಳನ್ನು ಮಾರಕೂಡದೆಂದು ನಿಯಮ ಹೊರಡಿಸಿ, ಎಮ್ಮೆಯನ್ನೂ ಅದರೊಳಗೆ ಸೇರಿಸಿದರು. ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯಿಸುವಂತೆ ಅದನ್ನು ತಡೆಹಿಡಿಯಬೇಕಾಯಿತು. ಕರ್ನಾಟಕದ 2020ರ ಕಾಯಿದೆಯು 13 ವರ್ಷ ತುಂಬದ ಎಮ್ಮೆ ಕೋಣಗಳ ವಧೆಯನ್ನು ನಿಷೇಧಿಸಿತು. ಗೊಡ್ಡಾದ ಎಮ್ಮೆಯನ್ನು ಮಾರಿ, ಆ ಹಣಕ್ಕೆ ಇನ್ನಷ್ಟು ಕೂಡಿಸಿ ಕರೆಯುವ ಎಮ್ಮೆಯನ್ನು ಕೊಳ್ಳುವುದು ರೈತನ ರೂಢಿ. ಎಂಟು ಹತ್ತು ವರ್ಷಕ್ಕೆ ಗೊಡ್ಡಾದುದನ್ನು 13 ತುಂಬುವವರೆಗೆ ಆತ ಯಾವ ಮೇವಿನಿಂದ ಸಾಕಬೇಕು? ಕಡಲಾಚೆ ಬಾಗಿಲು ತಟ್ಟುತ್ತ ಮನೆಯ ಹಿತ್ತಿಲಿಗೆ ಅಗಳಿ ಹಾಕುವುದನ್ನು ನೀತಿಯೆನ್ನುವುದು ಹೇಗೆ? ವಧೆ ಬೇಡವೆಂಬುದು ಸರಕಾರದ ನಿರ್ಧಾರವಾದರೆ ಹಾಗೆಂದು ಹೇಳಿ ರೈತನ ನಷ್ಟವನ್ನು ತುಂಬಿಕೊಡಲಿ. ವ್ಯಾಪಾರ ಬೇಕಾದರೆ ಸಂತೆಯನ್ನು ನಡೆಯಗೊಡಲಿ.

ಮುಂದಿನ ನಿಯೋಗವು ಹೊರದೇಶಕ್ಕೆ ಹೊರಡುವ ಮುನ್ನ, ಜಿಲ್ಲೆ ಜಿಲ್ಲೆಯಲ್ಲಿಯೂ ಎಷ್ಟು ಎಮ್ಮೆಗಳಿಗೆ ವರ್ಷದ ಎರಡೂ ಸಲ ಲಸಿಕೆ ಬಿದ್ದಿತೆಂಬ ಲೆಕ್ಕವನ್ನು ಅಧಿಕಾರಿಗಳು ಪ್ರಕಟಿಸಲಿ. ವೈದ್ಯರಿಲ್ಲದ ಪಶು ಆಸ್ಪತ್ರೆಗಳ ಪಟ್ಟಿಯನ್ನೂ ಅದರ ಜೊತೆಗಿಡಲಿ.