ಚುರುಕು ಮಕ್ಕಳೂ ಪ್ರಾಥಮಿಕ ಶಾಲೆಯೂ

ಕಲಿಕೆಯಲ್ಲಿ ಹಿಂದುಳಿದ ಮಗುವಿನ ವಿಷಯದಲ್ಲಿ ವಿದ್ಯಾ ಇಲಾಖೆಯವರು ಚಿಂತಿಸುತ್ತಿರುವುದು ನ್ಯಾಯವೇ ಸರಿ. ಆದರೆ ಅದೇ ತರಗತಿಯಲ್ಲಿ, ಉಪಾಧ್ಯಾಯರು ಪ್ರಶ್ನೆಯನ್ನು ಮುಗಿಸುವ ಮೊದಲೇ ಉತ್ತರವನ್ನು ಕಂಡುಕೊಂಡು, ಉಳಿದ ವೇಳೆಯೆಲ್ಲ ಕೈಕಟ್ಟಿ ಕುಳಿತಿರತಕ್ಕ ಮಗುವೊಂದಿರುತ್ತದೆ. ಅದರ ಗತಿಯೇನೆಂದು ಕೇಳುವವರು ವಿರಳ. ಬುದ್ಧಿವಂತನಾದವನು ಹೇಗೂ ಮುಂದೆ ಬಂದಾನೆಂಬುದು ಜನರ ನಂಬಿಕೆ. ಈ ನಂಬಿಕೆಗೆ ಆಧಾರವಿಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ. ಅನುಕೂಲಸ್ಥರ ಮಗುವಿಗೆ ಮನೆಯಲ್ಲಿ ಪುಸ್ತಕಗಳುಂಟು, ಕೇಳಿದ್ದಕ್ಕೆ ಉತ್ತರ ಕೊಡುವ ಹಿರಿಯರುಂಟು. ಕೂಲಿಕಾರನ ಮಗುವಿಗೆ ಶಾಲೆಯ ಹೊರತು ಬೇರೆ ಆಸರೆಯಿಲ್ಲ. ಶಾಲೆಯಲ್ಲಿಯೋ ಅದಕ್ಕೆ ಅನೇಕ ವೇಳೆ ದೊರೆಯುವುದು ಅಧಿಕಪ್ರಸಂಗಿಯೆಂಬ ಬಿರುದು.

ಬುದ್ಧಿಯ ಚುರುಕು ಬೇರೆ, ಹೊಸದನ್ನು ಸ್ವತಂತ್ರವಾಗಿ ಆಲೋಚಿಸುವ ಶಕ್ತಿ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗಿಲ್ಫರ್ಡರು ೧೯೫೦ರಲ್ಲಿಯೇ ಈ ಎರಡನೆಯ ಶಕ್ತಿಯ ಕಡೆಗೆ ವಿದ್ವಾಂಸರ ಲಕ್ಷ್ಯವನ್ನು ಸೆಳೆದರು. ಅನಂತರ ಟಾರೆನ್ಸರು ಅದನ್ನು ಅಳೆಯುವ ಕ್ರಮವನ್ನು ರೂಪಿಸಿದರು. ಎಷ್ಟು ಉತ್ತರಗಳು ಹೊಳೆದುವು, ಎಷ್ಟು ಬಗೆಯವು, ಎಷ್ಟು ಹೊಸವು, ಎಷ್ಟು ವಿವರವಾಗಿ ಬೆಳೆದುವು ಎಂಬುದೇ ಅವರ ಅಳತೆಗೋಲು. ಈ ಶಕ್ತಿಯು ಅಭ್ಯಾಸದಿಂದ ಬೆಳೆಯತಕ್ಕದ್ದು, ಅಭ್ಯಾಸವಿಲ್ಲದಿದ್ದರೆ ಕುಗ್ಗತಕ್ಕದ್ದು.

ಈ ಅಭ್ಯಾಸಕ್ಕೆ ಹಣವೇನೂ ಬೇಕಿಲ್ಲ. ಉದ್ದ ೮ ಮೊಳ, ಅಗಲ ೪ ಮೊಳವಿರುವ ಪಾತಿಯ ವಿಸ್ತೀರ್ಣವೆಷ್ಟೆಂದು ಕೇಳಿದರೆ ಉತ್ತರ ೩೨ ಚದರ ಮೊಳ; ಅಲ್ಲಿಗೆ ಆಲೋಚನೆ ಮುಗಿಯಿತು. ಅದಕ್ಕೆ ಬದಲಾಗಿ, ೨೪ ಮೊಳ ಹಗ್ಗವನ್ನು ಕೊಟ್ಟು, ಇದರಿಂದ ಎಷ್ಟು ಬಗೆಯ ಪಾತಿಗಳನ್ನು ಸುತ್ತಬಹುದು, ಯಾವುದರಲ್ಲಿ ಹೆಚ್ಚು ಸಸಿಗಳು ಹಿಡಿದಾವು ಎಂದು ಕೇಳಿ ನೋಡಲಿ. ಸಾಮಾನ್ಯ ಮಗುವು ಎರಡು ಮೂರನ್ನು ಸುತ್ತಿ ಲೆಕ್ಕ ಕಲಿಯುವುದು. ಚುರುಕಾದ ಮಗುವು ಎಲ್ಲವನ್ನೂ ಪಟ್ಟಿಮಾಡಿ, ನಾಲ್ಕು ಕಡೆಯೂ ೬ ಮೊಳವಾದಾಗ ೩೬ ಚದರ ಮೊಳ ದೊರೆಯುವುದನ್ನು ಕಂಡು, ದುಂಡಗೆ ಸುತ್ತಿದರೆ ಏನಾದೀತೆಂದು ತಾನೇ ಕೇಳುವುದು. ಪಾಠ ಒಂದೇ, ಇಬ್ಬರಿಗೂ ಲಾಭ.

ನಮ್ಮ ನಾಡಿಗೆ ಈ ಮಾರ್ಗವು ಅಪರಿಚಿತವಲ್ಲ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಮಗುವು ಕಾರ್ಡುಗಳ ಮೂಲಕ ತನ್ನದೇ ವೇಗದಲ್ಲಿ ಕಲಿಕೆಯ ಏಣಿಯನ್ನೇರುತ್ತದೆ. ಆದರೆ ಏಣಿಯು ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕನೆಯದರಿಂದ ಎಲ್ಲರಿಗೂ ಒಂದೇ ಪಾಠ, ಒಂದೇ ಉತ್ತರ. ನವೋದಯ ವಿದ್ಯಾಲಯವು ಪ್ರತಿಭಾವಂತರನ್ನು ಆರಿಸಿಕೊಳ್ಳುವುದು ಆರನೆಯ ತರಗತಿಗೆ. ಅದೂ ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸುವ ಪರೀಕ್ಷೆಯಿಂದ. ಅಷ್ಟರೊಳಗೆ ಪ್ರಶ್ನೆ ಕೇಳುವುದನ್ನೇ ಬಿಟ್ಟ ಮಗುವನ್ನು ಆರಿಸುವವರಾರು?

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ವಿಶೇಷ ಪ್ರತಿಭೆಯ ಮಕ್ಕಳನ್ನು ಕುರಿತು ಆದರದ ಮಾತುಗಳನ್ನಾಡಿದೆ. ಅವರ ಶಿಕ್ಷಣದಲ್ಲಿ ವಿಶೇಷ ಪರಿಣತಿಗೆ ಬಿ.ಎಡ್. ತರಗತಿಗಳಲ್ಲಿ ಅವಕಾಶವಿರಬಹುದೆಂದಿದೆ. ಆದರೆ ೨೦೨೩ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಿ.ಎಡ್. ಪದವಿಯು ಪ್ರಾಥಮಿಕ ತರಗತಿಗಳ ಉಪಾಧ್ಯಾಯತ್ವಕ್ಕೆ ಅರ್ಹತೆಯಲ್ಲವೆಂದು ತೀರ್ಪಿತ್ತಿದೆ. ಹೀಗಿರುವಲ್ಲಿ, ಡಿಪ್ಲೊಮಾ ಪಡೆದು ಎಳೆಯ ಮಕ್ಕಳ ಮುಂದೆ ನಿಲ್ಲತಕ್ಕ ಉಪಾಧ್ಯಾಯರಿಗೆ ಈ ವಿದ್ಯೆಯನ್ನು ಕಲಿಸುವವರಾರೆಂಬುದನ್ನು ಅಧಿಕಾರಿಗಳು ಯೋಚಿಸಬೇಡವೆ?

ಜಾಣರಿಗಾಗಿ ಪ್ರತ್ಯೇಕ ಶಾಲೆಗಳನ್ನು ನಾವು ಕೇಳುತ್ತಿಲ್ಲ. ಏಳು ವರ್ಷದ ಕೂಸನ್ನು ಬುದ್ಧಿಯ ತಕ್ಕಡಿಯಲ್ಲಿ ತೂಗಿ ಬೇರ್ಪಡಿಸುವುದು ಸಮತೆಗೆ ಒಪ್ಪದು. ನಾವು ಬೇಡುವುದು ಮೂರನ್ನು ಮಾತ್ರ: ಡಿಪ್ಲೊಮಾ ಪಾಠಕ್ರಮದಲ್ಲಿ ಈ ವಿಷಯಕ್ಕೆ ಸ್ಥಾನ, ನಾಲ್ಕು ಮತ್ತು ಐದನೆಯ ತರಗತಿಗಳಲ್ಲಿ ವಾರಕ್ಕೊಂದು ಘಂಟೆ ಅನೇಕ ಉತ್ತರಗಳುಳ್ಳ ಪ್ರಶ್ನೆಗಳ ಅಭ್ಯಾಸ, ಅದೂ ಮಗುವಿನ ಮನೆಮಾತಿನಲ್ಲಿ, ತನಿಖೆಗೆ ಬರುವ ಅಧಿಕಾರಿಗಳು ಮಕ್ಕಳ ಉತ್ತರಗಳೊಡನೆ ಅವರ ಪ್ರಶ್ನೆಗಳನ್ನೂ ಕೇಳಿ ಬರೆದುಕೊಳ್ಳುವ ಪದ್ಧತಿ. ಇವಕ್ಕೆ ಹೊಸ ಕಟ್ಟಡವೂ ಬೇಡ, ದೊಡ್ಡ ಅನುದಾನವೂ ಬೇಡ. ಇಷ್ಟನ್ನೂ ನಡೆಸಲಾರದ ಇಲಾಖೆಯು ಪ್ರತಿಭೆ ವಿರಳವೆಂದು ಮುಂದೆ ವಿಷಾದಿಸಿ ಫಲವಿಲ್ಲ.