ನಾದಕ್ಕೆ ಎಷ್ಟು ಪಡಿ?

ಮನೆಯ ಸಿ.ಡಿ.ಗಳನ್ನು ಎಂಪಿ3 ರೂಪಕ್ಕಿಳಿಸಿ ಕೂಡಿಡುವ ವಾಚಕರು ಅನೇಕರಿರಬಹುದು. ಸಿ.ಡಿ.ಯಲ್ಲಿ ಸೆಕೆಂಡಿಗೆ 14 ಲಕ್ಷಕ್ಕೂ ಮಿಕ್ಕ ಬಿಟ್‌ಗಳು ಹರಿಯುತ್ತವೆ. ಕಿವಿಗೆ ನಿಲುಕದ ಅಂಶಗಳನ್ನು ಕಳೆದು ಎಂಪಿ3 ಅದನ್ನು 1,28,000ಕ್ಕೆ ಇಳಿಸಬಲ್ಲದು. ಆದರೆ ಮೌನಕ್ಕೂ ಮೃದಂಗದ ತನಿಯಾವರ್ತನಕ್ಕೂ ಒಂದೇ ಪಡಿ ಅಳೆಯುವುದು ಯಾವ ನ್ಯಾಯ? ಬದಲಾಗುವ ದರದ ಸಂಕೋಚನವಾದ ‘ವಿ.ಬಿ.ಆರ್.’ ನಾದದ ಅಗತ್ಯವನ್ನರಿತು ಹೆಚ್ಚುಕಡಿಮೆ ನೀಡುತ್ತದೆ. ಅಗತ್ಯವೆಂದರೆ ಬರಿಯ ಗದ್ದಲವಲ್ಲ. ಜರ್ಮನಿಯ ಬ್ರಾಂಡೆನ್‌ಬರ್ಗ್ ಎಂಪಿ3ಯನ್ನು ತಿದ್ದುತ್ತಿದ್ದಾಗ ಅವರನ್ನು ಕಾಡಿದ್ದು ವಾದ್ಯವೃಂದವಲ್ಲ. ಸುಝಾನ್ ವೇಗಾ ಅವರ ‘ಟಾಮ್ಸ್ ಡೈನರ್’ ಹಾಡಿನ ಒಂಟಿ ಕಂಠ! ಲೇಮ್ ತಂತ್ರಾಂಶದ ‘ವಿ2’ ದರ್ಜೆ ಸರಾಸರಿ 1,90,000 ಬಿಟ್‌ಗಳನ್ನು ಬಳಸುತ್ತದೆ. ನನ್ನ ಕಿವಿಗಂತೂ ಅಷ್ಟು ಸಾಕು. ಆದರೆ ಒಮ್ಮೆ ಕಳೆದದ್ದು ಮರಳದು. ಅಜ್ಜಿಯ ಹಾಡಿನ ಏಕೈಕ ಧ್ವನಿಮುದ್ರಣ ನಿಮ್ಮಲ್ಲಿದ್ದರೆ, ನಷ್ಟವಿಲ್ಲದ ‘ಫ್ಲ್ಯಾಕ್’ ರೂಪದಲ್ಲಿ ಮೊದಲು ಪೂರ್ಣಪ್ರತಿಯೊಂದನ್ನು ತೆಗೆದಿರಿಸಿ, ಅನಂತರ ಸಂಕೋಚನಕ್ಕೆ ಕೈಹಾಕಿರಿ.