ಜ್ವರದ ದಿನಗಳ ಸಂಬಳ

ಬಟ್ಟೆ ಅಂಗಡಿಯಲ್ಲಿ, ಚಪ್ಪಲಿ ಅಂಗಡಿಯಲ್ಲಿ, ಮೆಡಿಕಲ್ ಶಾಪ್‌ನ ಕೌಂಟರ್‌ನಲ್ಲಿ, ಟ್ರಾವೆಲ್ ಏಜೆನ್ಸಿಯ ಕಂಪ್ಯೂಟರ್ ಮುಂದೆ ಇಂದು ನಮ್ಮ ಎಷ್ಟೋ ಹೆಣ್ಣುಮಕ್ಕಳು ದುಡಿಯುತ್ತಿದ್ದಾರೆ. ಅವರ ಸಂಬಳವನ್ನು ನಂಬಿ ಮನೆಯ ಬಾಡಿಗೆ, ತಮ್ಮನ ಫೀಸು, ತಾಯಿಯ ಔಷಧ ಎಲ್ಲವೂ ಸಾಗುತ್ತವೆ. ಇಂತಹ ಮನೆಯಲ್ಲಿ ದುಡಿಯುವವಳಿಗೇ ಜ್ವರ ಬಂದರೆ ಕಾಯಿಲೆಗಿಂತ ಮೊದಲು ಕಾಡುವ ಚಿಂತೆ ಸಂಬಳದ್ದು. ಮೂರು ದಿನ ಮಲಗಿದರೆ ಮೂರು ದಿನದ ಹಣ ಹೋಗುತ್ತದಲ್ಲ ಎಂದು ಮಾತ್ರೆ ನುಂಗಿ, ನಡುಗುತ್ತಲೇ ಬಸ್ಸು ಹತ್ತುವವರು ಎಷ್ಟು ಮಂದಿ ಇಲ್ಲ?

‘ಕೆಲಸಕ್ಕೆ ಬಾರದ ದಿನಕ್ಕೆ ಸಂಬಳ ಕೇಳುವುದು ಹೇಗೆ?’ ಎಂದು ಸಹೋದರಿಯರು ಸಂಕೋಚಪಡುವುದುಂಟು. ಮಾಲೀಕರು ಕೊಟ್ಟರೆ ಅವರ ದೊಡ್ಡ ಮನಸ್ಸು, ಕೊಡದಿದ್ದರೆ ನಮ್ಮ ಹಣೆಬರಹ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ನಮ್ಮ ರಾಜ್ಯದ ಕಾನೂನು ಹಾಗೆ ಹೇಳುವುದಿಲ್ಲ. ಕಾಯಿಲೆಯ ದಿನಗಳಿಗೂ ದುಡಿದು ಗಳಿಸಿದ ರಜೆಗೂ ಅದು ಸ್ಪಷ್ಟವಾದ ಲೆಕ್ಕವನ್ನು ಇಟ್ಟಿದೆ. ಆ ಲೆಕ್ಕ ನಮಗೆ ಗೊತ್ತಿಲ್ಲದಿರುವುದರಿಂದಲೇ ಎಷ್ಟೋ ಹಣ ಕೈತಪ್ಪಿ ಹೋಗುತ್ತಿದೆ. ಐದನೇ ತರಗತಿಯ ಗಣಿತ ಬಂದರೆ ಸಾಕು, ಇದನ್ನು ಯಾರೂ ಮಾಡಬಹುದು. ಈ ತಿಂಗಳು ಅದನ್ನೇ ಒಟ್ಟಿಗೆ ಕುಳಿತು ಮಾಡೋಣ.

ಅಂಗಡಿ, ಹೋಟೆಲು, ಖಾಸಗಿ ಕಚೇರಿಗಳಲ್ಲಿ ಕೆಲಸ ಮಾಡುವವರಿಗಾಗಿ 1961ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಕಾನೂನು ಬಂತು. ಅದರ ಹೆಸರು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ. 2025ರ ನವೆಂಬರ್ 21ರಂದು ಕೇಂದ್ರ ಸರಕಾರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಅನೇಕ ಹಳೆಯ ಕೇಂದ್ರ ಕಾನೂನುಗಳನ್ನು ಬದಲಾಯಿಸಿದವು. ಆದರೆ ಅಂಗಡಿಗಳ ಕುರಿತಾದ ಈ ಕಾನೂನು ರಾಜ್ಯದ್ದು. ಅದು ಆ ಸಂಹಿತೆಗಳಿಂದ ರದ್ದಾಗಲಿಲ್ಲ. ಈ ಕಾನೂನಿನಲ್ಲಿ ವೇತನ ಸಹಿತ ರಜೆಗೆ ಎರಡು ಪ್ರತ್ಯೇಕ ಖಾತೆಗಳಿವೆ. ಒಂದು ಕಾಯಿಲೆ ರಜೆ, ಅಂದರೆ ನಾವು ಸಿಕ್ ಲೀವ್ ಎನ್ನುವುದು. ಇನ್ನೊಂದು ಗಳಿಕೆ ರಜೆ. ಈ ಎರಡನ್ನು ಕಲಸಿ ಒಂದು ಮಾಡುವುದರಿಂದಲೇ ಹೆಚ್ಚಿನ ಗೊಂದಲಗಳು ಹುಟ್ಟುತ್ತವೆ.

ಮೊದಲು ಕಾಯಿಲೆ ರಜೆಯನ್ನು ನೋಡೋಣ. ವರ್ಷಕ್ಕೆ 12 ದಿನಗಳವರೆಗೆ ಸಂಬಳ ಸಹಿತ ರಜೆ ಪಡೆಯಬಹುದು. ಕಾಯಿಲೆ, ಅಪಘಾತ ‘ಅಥವಾ ಬೇರೆ ಯಾವುದೇ ಸಮಂಜಸ ಕಾರಣ’ ಇದಕ್ಕೆ ಸಾಕು. ಕೊನೆಯ ಆ ಮಾತನ್ನು ಗಮನಿಸಿ. ಮಗುವಿಗೆ ವಾಂತಿಭೇದಿಯಾಗಿ ಆಸ್ಪತ್ರೆಯಲ್ಲಿ ಕೂರಬೇಕಾದ ತಾಯಿಗೆ ಅದಕ್ಕಿಂತ ಸಮಂಜಸವಾದ ಕಾರಣ ಇನ್ನಾವುದಿದ್ದೀತು? ಆದರೆ ಈ ಖಾತೆ ವರ್ಷದ್ದು ವರ್ಷಕ್ಕೇ ಮುಗಿಯುತ್ತದೆ. ಈ ವರ್ಷ ನಾಲ್ಕೇ ದಿನ ಬಳಸಿದೆ, ಉಳಿದ ಎಂಟನ್ನು ಮುಂದಿನ ವರ್ಷಕ್ಕೆ ಸೇರಿಸಿ ಎಂದು ಕೇಳುವಂತಿಲ್ಲ.

ಈಗ ರೂಪಾಯಿ ಲೆಕ್ಕಕ್ಕೆ ಬರೋಣ. ಒಬ್ಬ ಸಹೋದರಿಯ ತಿಂಗಳ ಸಂಬಳ 15,600 ರೂಪಾಯಿ ಎಂದಿಟ್ಟುಕೊಳ್ಳಿ. ವಾರದ ರಜೆಗಳನ್ನು ಬಿಟ್ಟು ತಿಂಗಳಿಗೆ 26 ಕೆಲಸದ ದಿನ ಎಂದು ಹಿಡಿದರೆ ದಿನಕ್ಕೆ 600 ರೂಪಾಯಿ ಆಯಿತು. ಆಕೆ ಟೈಫಾಯಿಡ್ ಆಗಿ ಐದು ದಿನ ಮಲಗಿದಳು. ತಿಂಗಳ ಕೊನೆಗೆ 3,000 ರೂಪಾಯಿ ಕಳೆದು 12,600 ಕೈಗೆ ಬಂತು. ಆ ವರ್ಷ ಆಕೆ ಅದಕ್ಕಿಂತ ಮೊದಲು ಮೂರು ದಿನ ಮಾತ್ರ ಕಾಯಿಲೆ ರಜೆ ಪಡೆದಿದ್ದಳು. ಮೂರು ಮತ್ತು ಐದು ಸೇರಿದರೆ ಎಂಟು. ಎಂಟು ಹನ್ನೆರಡರೊಳಗೇ ಇದೆ. ಹಾಗಾಗಿ ಒಂದು ರೂಪಾಯಿಯೂ ಕಡಿತವಾಗಬಾರದಿತ್ತು. ಆ 3,000 ಅವಳ ಹಣ. ಇದನ್ನು ಹೇಳಲು ಆಕೆಗೆ ಬೇಕಾದುದು ಎರಡೇ ಸಂಖ್ಯೆ: ಕಾನೂನಿನ 12 ಮತ್ತು ತಾನು ಆಗಲೇ ಬಳಸಿದ 3.

ಇನ್ನು ಗಳಿಕೆ ರಜೆ. ಹೆಸರೇ ಹೇಳುವಂತೆ ಇದನ್ನು ದುಡಿದು ಗಳಿಸಬೇಕು. ಒಂದು ಕ್ಯಾಲೆಂಡರ್ ವರ್ಷದಲ್ಲಿ ಕನಿಷ್ಠ 240 ದಿನ ಕೆಲಸ ಮಾಡಿದ ವಯಸ್ಕರಿಗೆ, ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ, ಮುಂದಿನ ವರ್ಷದಲ್ಲಿ ಸಂಬಳ ಸಹಿತ ರಜೆ ಸಿಗುತ್ತದೆ. ಜನವರಿಯಿಂದ ಡಿಸೆಂಬರ್‌ವರೆಗೆ 280 ದಿನ ದುಡಿದವಳು 280ನ್ನು 20ರಿಂದ ಭಾಗಿಸಲಿ. ಬರುವುದು 14. ಮುಂದಿನ ವರ್ಷ ಆಕೆಯ ಖಾತೆಯಲ್ಲಿ 14 ದಿನಗಳ ಗಳಿಕೆ ರಜೆ ಇರುತ್ತದೆ. ಕಾಯಿಲೆಯ 12 ದಿನ ಇದಕ್ಕೆ ಸೇರಿದ್ದಲ್ಲ, ಅದು ಬೇರೆಯೇ. ವರ್ಷದ ನಡುವೆ ಕೆಲಸಕ್ಕೆ ಸೇರಿದವರ ಲೆಕ್ಕ ಮಾತ್ರ ಸ್ವಲ್ಪ ಬೇರೆ ರೀತಿಯದು. ಅಂಥವರು ತಮ್ಮ ಊರಿನ ಕಾರ್ಮಿಕ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಕಾಯಿಲೆ ರಜೆಗಿಲ್ಲದ ಒಂದು ಗುಣ ಗಳಿಕೆ ರಜೆಗಿದೆ. ಅದು ಉಳಿತಾಯ. 14ರಲ್ಲಿ ಆರು ದಿನ ಬಳಸಿದರೆ ಎಂಟು ಉಳಿಯಿತು. ಆ ವರ್ಷ 260 ದಿನ ಕೆಲಸ ಮಾಡಿದರೆ ಹೊಸದಾಗಿ 13 ದಿನ ಬಂತು. ಹಳೆಯ 8, ಹೊಸ 13, ಒಟ್ಟು 21. ಹೀಗೆ ಮುಂದಕ್ಕೆ ಒಯ್ಯಬಹುದಾದ ದಿನಗಳ ಮಿತಿ ಮೊದಲು 30 ಇತ್ತು. 2021ರಲ್ಲಿ ಬಂದ ತಿದ್ದುಪಡಿಯಿಂದ ಅದು 45ಕ್ಕೆ ಏರಿತು. ದೀರ್ಘ ಕಾಯಿಲೆ ಬಂದು 12 ದಿನ ಮುಗಿದುಹೋದಾಗ, ಅಥವಾ ಒಂದು ಶಸ್ತ್ರಚಿಕಿತ್ಸೆಗೆ ದಾಖಲಾಗಬೇಕಾದಾಗ ಕೈಹಿಡಿಯುವುದು ಈ ಉಳಿತಾಯವೇ. ಆದ್ದರಿಂದ ಎರಡು ದಿನದ ನೆಗಡಿಗೆ ಗಳಿಕೆ ರಜೆಯನ್ನು ಮುರಿಯಲು ಬಿಡಬೇಡಿ. ‘ಇದನ್ನು ಕಾಯಿಲೆ ರಜೆಯ ಲೆಕ್ಕಕ್ಕೆ ಹಾಕಿ’ ಎಂದು ಆಗಲೇ ಹೇಳಬೇಕು. ಕೆಲಸ ಬಿಡುವ ದಿನ ಖಾತೆಯಲ್ಲಿ ಬಾಕಿಯಿರುವ ಗಳಿಕೆ ರಜೆಗೆ ಹಣ ಸಿಗಬೇಕೆಂಬುದೂ ನೆನಪಿರಲಿ. 21 ದಿನ ಬಾಕಿ ಇದ್ದರೆ, ದಿನಕ್ಕೆ 600ರಂತೆ 12,600 ರೂಪಾಯಿ ಆಯಿತು. ಮದುವೆ ನಿಶ್ಚಯವಾಗಿ ಕೆಲಸ ಬಿಡುವ ಎಷ್ಟೋ ಹುಡುಗಿಯರು ಕೊನೆಯ ತಿಂಗಳ ಸಂಬಳವಷ್ಟನ್ನೇ ಪಡೆದು ಸಲಾಂ ಹೇಳಿ ಬಂದುಬಿಡುತ್ತಾರೆ!

240 ಎಂಬ ಸಂಖ್ಯೆಯ ಬಗ್ಗೆ ಎಚ್ಚರ ಬೇಕು. ಡಿಸೆಂಬರ್ ಮಧ್ಯದಲ್ಲಿ ಒಬ್ಬಳ ಕೆಲಸದ ದಿನಗಳು 236 ಆಗಿವೆ ಎನ್ನಿ. ಸಂಬಂಧಿಕರ ಮನೆಯ ಮದುವೆಗೆಂದು ಆಕೆ ತಿಂಗಳ ಕೊನೆಯವರೆಗೆ ಸಂಬಳವಿಲ್ಲದ ರಜೆ ಹಾಕಿ ಹೋದರೆ, ನಾಲ್ಕು ದಿನಗಳ ಕೊರತೆಗೆ ಮುಂದಿನ ವರ್ಷದ 12 ದಿನಗಳ ಗಳಿಕೆ ರಜೆಯೇ ತಪ್ಪುವ ಅಪಾಯವಿದೆ. ನಮ್ಮ ಉದಾಹರಣೆಯ ಸಂಬಳದಲ್ಲಿ ಅದು 7,200 ರೂಪಾಯಿ. ಮೊದಲೇ ಲೆಕ್ಕ ಗೊತ್ತಿದ್ದರೆ ಆಕೆ ನಾಲ್ಕು ದಿನ ಕೆಲಸ ಮುಗಿಸಿಯೇ ಮದುವೆಗೆ ಹೊರಡುತ್ತಿದ್ದಳು.

ಹಬ್ಬದ ರಜೆಯ ವಿಷಯವೂ ಇಲ್ಲೇ ಬರುತ್ತದೆ. ಈದ್ ದಿನದ ರಜೆಗಾಗಿ ಕಾಯಿಲೆ ರಜೆಯಲ್ಲಿ ಒಂದು ದಿನ ಕಳೆದುಕೊಳ್ಳುವವರಿದ್ದಾರೆ. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ರಾಜ್ಯ ಕಾನೂನಿನಂತೆ ವರ್ಷಕ್ಕೆ 10 ಸಂಬಳ ಸಹಿತ ರಜೆಗಳಿವೆ. ಗಣರಾಜ್ಯೋತ್ಸವ, ಕಾರ್ಮಿಕ ದಿನ, ಸ್ವಾತಂತ್ರ್ಯೋತ್ಸವ, ಗಾಂಧಿ ಜಯಂತಿ ಮತ್ತು ಕನ್ನಡ ರಾಜ್ಯೋತ್ಸವ ಹೀಗೆ ಐದು. ಉಳಿದ ಐದು ಹಬ್ಬಗಳಿಗೆ. ಆ ಐದರ ಪಟ್ಟಿಯಲ್ಲಿ ಈದ್ ಸೇರಿದೆಯೇ ಎಂದು ವರ್ಷದ ಆರಂಭದಲ್ಲೇ ವಿಚಾರಿಸಿ. ಸೇರಿಲ್ಲವಾದರೆ ಸೇರಿಸುವಂತೆ ಎಲ್ಲರೂ ಒಟ್ಟಾಗಿ ವಿನಂತಿಸಿ. ಹಬ್ಬದ ಮುನ್ನಾದಿನ ಹೊಟ್ಟೆನೋವೆಂದು ಫೋನ್ ಮಾಡುವುದಕ್ಕಿಂತ ಅದು ಗೌರವದ ದಾರಿ. ಸುಳ್ಳು ಕಾಯಿಲೆ ಹೇಳಿ ಪಡೆದ ರಜೆ, ನಾಳೆ ನಿಜವಾಗಿ ಕಾಯಿಲೆ ಬಿದ್ದವಳ ಮಾತನ್ನೂ ಅನುಮಾನಿಸುವಂತೆ ಮಾಡುತ್ತದೆ.

ಹೆರಿಗೆ ರಜೆ ಈ ಎರಡು ಖಾತೆಗಳಿಗೆ ಸೇರಿದ್ದಲ್ಲ. ಅದಕ್ಕೆ ಕೇಂದ್ರದ ಪ್ರತ್ಯೇಕ ಕಾನೂನಿದ್ದು, 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆಯಿದೆ. ಗರ್ಭಿಣಿಯ ಹೆರಿಗೆ ರಜೆಯಿಂದ 12 ದಿನವನ್ನು ‘ಕಾಯಿಲೆ ರಜೆ’ ಎಂದು ಕಳೆಯುವುದು ಸರಿಯಲ್ಲ. ತಿಂಗಳಿಗೊಂದು ದಿನದ ಋತುಚಕ್ರ ರಜೆಗೆ ನಮ್ಮ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ನಂತರ ಹೊರಟ ಆದೇಶವನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಲಾಯಿತು. ಅದು ಕೂಡಾ ಕಾಯಿಲೆಯ 12 ದಿನಗಳಿಗಿಂತ ಬೇರೆಯಾದ ವಿಷಯ.

ಹನ್ನೆರಡು ದಿನಗಳಿಗೆ ಮುಗಿಯದ ಕಾಯಿಲೆಗಳಿರುತ್ತವೆ. ಅಲ್ಲಿ ಇಎಸ್‌ಐ ನೆರವಿಗೆ ಬರುತ್ತದೆ. ನಿಮ್ಮ ಸಂಬಳದ ಚೀಟಿಯಲ್ಲಿ ಇಎಸ್‌ಐ ಎಂದು ಶೇಕಡಾ 0.75 ಕಡಿತವಾಗುತ್ತಿದೆಯೇ ನೋಡಿ. 15,600ಕ್ಕೆ ಅದು 117 ರೂಪಾಯಿ. ಮಾಲೀಕರು ತಮ್ಮ ಪಾಲಿನಿಂದ ಶೇಕಡಾ 3.25 ಸೇರಿಸುತ್ತಾರೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಕಟ್ಟಿದ್ದರೆ, ಅದಕ್ಕೆ ಸಂಬಂಧಿಸಿದ ಅವಧಿಯಲ್ಲಿ ಕಾಯಿಲೆ ಬಿದ್ದಾಗ ಸರಾಸರಿ ದಿನಗೂಲಿಯ ಶೇಕಡಾ 70ರಷ್ಟು ಹಣ, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಇಎಸ್‌ಐ ವೈದ್ಯರ ಪ್ರಮಾಣಪತ್ರ ಕಡ್ಡಾಯ. ಸಾಮಾನ್ಯವಾಗಿ ಮೊದಲ ಎರಡು ದಿನಗಳಿಗೆ ಇಎಸ್‌ಐ ಹಣ ಕೊಡುವುದಿಲ್ಲ. ಒಂದೇ ದಿನಕ್ಕೆ ಮಾಲೀಕರಿಂದ ಸಂಬಳವನ್ನೂ ಇಎಸ್‌ಐಯಿಂದ ಹಣವನ್ನೂ ಪಡೆಯುವಂತಿಲ್ಲ. ಆದ್ದರಿಂದ ಸಣ್ಣ ಜ್ವರಕ್ಕೂ ಮೊದಲೆರಡು ದಿನಗಳಿಗೂ ಅಂಗಡಿಯ ಕಾಯಿಲೆ ರಜೆ, ದೀರ್ಘ ಕಾಯಿಲೆಗೆ ಇಎಸ್‌ಐ ಎಂದು ಹಂಚಿಕೊಂಡರೆ ನಷ್ಟ ಕಡಿಮೆ.

ಗಾರ್ಮೆಂಟ್ ಕಾರ್ಖಾನೆಯವರು, ಬೀಡಿ ಕಟ್ಟುವವರು, ಶಾಲೆಗಳ ಶಿಕ್ಷಕಿಯರು ಈ ಅಂಗಡಿ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಅವರಿಗೆ ಬೇರೆ ನಿಯಮಗಳಿವೆ. ಬೀಡಿ ಕಾರ್ಮಿಕರ 1966ರ ಕಾನೂನು ಹೊಸ ಸಂಹಿತೆಯೊಳಗೆ ಸೇರಿಹೋಗಿದೆ. ಆದ್ದರಿಂದ ಅಂಗಡಿಯಲ್ಲಿರುವ ಅಕ್ಕನ ಲೆಕ್ಕವನ್ನು ಬೀಡಿ ಕಟ್ಟುವ ತಂಗಿಗೆ ಹಾಗೆಯೇ ಹೊಂದಿಸಲು ಹೋಗಬೇಡಿ.

ಈಗ ಮಾಡಬೇಕಾದುದೇನು? ಹತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ಪ್ರತಿ ತಿಂಗಳಿಗೆ ಒಂದು ಪುಟ. ಕೆಲಸ ಮಾಡಿದ ದಿನಗಳೆಷ್ಟು, ಕಾಯಿಲೆ ರಜೆ ಎಷ್ಟು, ಗಳಿಕೆ ರಜೆ ಎಷ್ಟು, ಸಂಬಳದಲ್ಲಿ ಕಡಿತವಾದದ್ದೆಷ್ಟು ಎಂದು ನಾಲ್ಕು ಸಾಲು ಬರೆಯಿರಿ. ಕಾಯಿಲೆಯಾದ ದಿನ ಬೆಳಿಗ್ಗೆಯೇ ಮಾಲೀಕರಿಗೆ ಅಥವಾ ಮ್ಯಾನೇಜರ್‌ಗೆ ಮೊಬೈಲಿನಲ್ಲಿ ಒಂದು ಸಂದೇಶ ಕಳುಹಿಸಿ. ಅದು ಮರ್ಯಾದೆಯೂ ಹೌದು, ದಾಖಲೆಯೂ ಹೌದು. ಡಾಕ್ಟರರ ಚೀಟಿಯನ್ನು ಅದೇ ನೋಟ್‌ಬುಕ್‌ನಲ್ಲಿ ಇಟ್ಟುಕೊಳ್ಳಿ. ನೇಮಕಾತಿ ಪತ್ರ ಕೊಡಬೇಕೆಂದೂ ಕಾನೂನು ಹೇಳುತ್ತದೆ. ಕೊಟ್ಟಿಲ್ಲವಾದರೆ ಕೇಳಿ ಪಡೆಯಿರಿ.

ಕಡಿತ ತಪ್ಪಾಗಿದೆ ಎಂದು ಕಂಡರೆ ಮೊದಲು ಮಾಲೀಕರೊಡನೆ ಸಮಾಧಾನದಿಂದ ಮಾತನಾಡಿ. ‘ಸಾಹೇಬರೇ, ಈ ವರ್ಷ ನನ್ನದು ಎಂಟೇ ದಿನ ಆಗಿದೆ, ಪುಸ್ತಕ ನೋಡೋಣವೇ?’ ಎಂದು ಲೆಕ್ಕ ಮುಂದಿಟ್ಟು ಕೇಳುವವಳಿಗೆ ಸಿಗುವ ಉತ್ತರವೇ ಬೇರೆ. ಎಷ್ಟೋ ಕಡೆ ಮಾಲೀಕರಿಗೂ ಕಾನೂನು ಗೊತ್ತಿರುವುದಿಲ್ಲ. ಅಲ್ಲೇ ಬಗೆಹರಿಯದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಯಿದೆ. ಅಲ್ಲಿಗೆ ತಂದೆ, ಗಂಡ ಅಥವಾ ಸಹೋದರನನ್ನು ಜೊತೆಗೆ ಕರೆದುಕೊಂಡು ಹೋಗಿ ಒಂದು ಅರ್ಜಿ ಕೊಡಬಹುದು. ಆಗ ನಿಮ್ಮ ಪರವಾಗಿ ಮಾತನಾಡುವುದು ಆ ನೋಟ್‌ಬುಕ್‌ನ ನಾಲ್ಕು ಸಾಲುಗಳೇ.

ಕೊನೆಯದಾಗಿ ಇನ್ನೊಂದು ಮಾತನ್ನು ಹೇಳಲೇಬೇಕು. ಈ ಪುಟವನ್ನು ಓದುವವರಲ್ಲಿ ಕೆಲಸಕ್ಕೆ ಹೋಗುವವರು ಮಾತ್ರವಲ್ಲ, ಅಂಗಡಿ ಮಾಲೀಕರ ಮನೆಯವರೂ ಇದ್ದಾರೆ. ನಮ್ಮ ಯಜಮಾನರ ಅಂಗಡಿಯಲ್ಲಿ, ನಮ್ಮ ಮಗನ ಶೋರೂಮಿನಲ್ಲಿ ಸೀರೆ ಮಡಚುವ, ಬಿಲ್ ಬರೆಯುವ ಆ ಹುಡುಗಿ ಯಾರ ಮನೆಯ ಮಗಳು? ಕಳೆದ ತಿಂಗಳು ಆಕೆ ಜ್ವರದಲ್ಲಿ ಮಲಗಿದ ದಿನಗಳ ಹಣವನ್ನು ಕಡಿತ ಮಾಡಿದ್ದೇವೆಯೇ? ಅದು ಉಳಿಸಿದ ಹಣವಲ್ಲ, ಇನ್ನೊಬ್ಬರ ಹಕ್ಕು ನಮ್ಮ ಗಲ್ಲಾಪೆಟ್ಟಿಗೆಯಲ್ಲಿ ಉಳಿದುಬಿಟ್ಟಿರುವುದು. ಹೊರಗಿನ ಮಾಲೀಕರಲ್ಲಿ ನಮ್ಮ ಮಗಳಿಗಾಗಿ ಬಯಸುವುದನ್ನು ನಮ್ಮ ಅಂಗಡಿಯ ಮಗಳಿಗೆ ನಾವು ಕೊಡುತ್ತಿದ್ದೇವೆಯೇ ಎಂದು ಇಂದು ರಾತ್ರಿ ಊಟದ ಹೊತ್ತಿನಲ್ಲಿ ಒಮ್ಮೆ ಮನೆಯವರನ್ನು ಕೇಳಿ ನೋಡಿ. ರಜೆಯ ಪುಸ್ತಕವನ್ನು ಸರಿಯಾಗಿ ಬರೆದಿಡುವ ಹೊಣೆ ಕಾನೂನಿನ ಪ್ರಕಾರ ಅವರದೇ.